ಹೊಂಡದ ಪಂಪು: ತಪಾಸಣೆಯೇ ಉಳಿತಾಯ

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಂತಹ ಮಳೆಯಾಶ್ರಿತ ಸೀಮೆಯಲ್ಲಿ ನೀರೂ ಬಂಡವಾಳವೇ. ಕೃಷಿ ಹೊಂಡವಿರಲಿ, ಕಲ್ಯಾಣಮಂಟಪದ ಉದ್ಯಾನದ ಕೊಳವಿರಲಿ, ಆ ಬಂಡವಾಳವನ್ನು ದುಡಿಸುವುದು ವಿದ್ಯುತ್ ಪಂಪು. ಅದನ್ನು ಕೊಂಡ ರಸೀದಿಯನ್ನು ಜೋಪಾನ ಮಾಡುವ ಮಾಲೀಕರು ತಪಾಸಣೆಯ ದಿನಾಂಕವನ್ನು ಬರೆದಿಡುವುದು ವಿರಳ.

ಜಾಲರಿಗೆ ಪಾಚಿ, ಕೆಸರು ಕಟ್ಟಿದರೆ ನೀರಿನ ಹರಿವು ತಗ್ಗಿ, ಪಂಪು ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಒಂದು ಅಶ್ವಶಕ್ತಿಯೆಂದರೆ 746 ವಾಟ್. ಅಂತಹ ಪಂಪು ಪೂರ್ಣ ಹೊರೆಯಲ್ಲಿ ದಿನಕ್ಕೊಂದು ಗಂಟೆ ಹೆಚ್ಚಾಗಿ ಓಡಿದರೆ ವರ್ಷಕ್ಕೆ ಕನಿಷ್ಠ 272 ಯೂನಿಟ್ ವ್ಯರ್ಥ. 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾದರೂ ಸುಟ್ಟ ಮೋಟಾರಿನ ರೀವೈಂಡಿಂಗ್ ವೆಚ್ಚ ರೈತನದೇ.

ಹಣದ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬಹುದು, ಪ್ರಾಣಹಾನಿಯನ್ನಲ್ಲ. ಕೇಬಲಿನ ಹೊದಿಕೆ ಸೀಳಿದರೆ ನೀರಿಗೇ ವಿದ್ಯುತ್ ಹರಿಯಬಹುದು. ಆದುದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿ, ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡತಕ್ಕದ್ದು. ನೀರಿಗಿಳಿಯುವ ಮುನ್ನ ಮೈನ್ ಸ್ವಿಚ್ ಆರಿಸಿ ಫ್ಯೂಸನ್ನೂ ತೆಗೆದಿರಿಸಬೇಕು. ಪ್ರತಿವರ್ಷ ಮುಂಗಾರಿಗೆ ಮೊದಲು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಹಾಗೂ ಮೆಗ್ಗರ್ ಪರೀಕ್ಷೆ ಮಾಡಿಸಬೇಕು. ಇನ್ಸುಲೇಶನ್ 1 ಮೆಗಓಮ್‌ಗಿಂತ ಕೆಳಗಿಳಿದಿದ್ದರೆ ಪಂಪನ್ನು ಮೇಲೆತ್ತಿ ದುರಸ್ತಿಗೊಳಿಸುವುದು ಕ್ಷೇಮ.

ವ್ಯಾಪಾರಕ್ಕೆ ಬಳಸುವ ಪಂಪಿನ ಸಾಧಾರಣ ದುರಸ್ತಿ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಅದೇ ವರ್ಷ ಪೂರ್ತಿಯಾಗಿ ಕಳೆಯಬಹುದು. ಹೊಸ ಪಂಪಿನ ಬೆಲೆಗಾದರೋ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರ ಸವಕಳಿ ಮಾತ್ರ. ಖಾತೆ ಪುಸ್ತಕದ ಪಕ್ಕದಲ್ಲಿ ಪಂಪಿನದೂ ಒಂದು ಪುಸ್ತಕವಿದ್ದರೆ ಹಣವೂ ಉಳಿದೀತು, ಜೀವವೂ ಉಳಿದೀತು.