ಬೆರಳಿಗೆ ಸಿಗುವ ಭೂವಿಜ್ಞಾನ

ಪ್ರಶ್ನೆ: ದೃಷ್ಟಿಯಿಲ್ಲದ ವಿದ್ಯಾರ್ಥಿ ಭೂವಿಜ್ಞಾನ ಕಲಿಯಬಹುದೇ?

ಉತ್ತರ: ಖಂಡಿತ. 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಗೀರಾಟ್ ವರ್ಮೇ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡರೂ ಕ್ಯಾಲಿಫೋರ್ನಿಯಾದಲ್ಲಿ ಹೆಸರಾಂತ ಪಳೆಯುಳಿಕೆ ವಿಜ್ಞಾನಿಯಾದರು. ಚಿಪ್ಪುಗಳನ್ನು ಅವರು ಬೆರಳಿನಿಂದಲೇ ಪರೀಕ್ಷಿಸುತ್ತಾರೆ. ಏಡಿ ಮುರಿದ ಚಿಪ್ಪನ್ನು ಒಳಗಿನ ಜೀವಿ ಮತ್ತೆ ಬೆಳೆಸಿಕೊಂಡಾಗ ಗಾಯದ ಗೆರೆಯೊಂದು ಉಳಿಯುತ್ತದೆ. ಇಂಥ ಗುರುತುಗಳಿಂದ, ಬೇಟೆಗಾರ ಮತ್ತು ಬೇಟೆಯ ಪೈಪೋಟಿ ಕೋಟ್ಯಂತರ ವರ್ಷಗಳಲ್ಲಿ ಏರುತ್ತ ಬಂದಿದೆಯೆಂಬ ವಾದ ಕಟ್ಟಿದರು.

ಖನಿಜಗಳೂ ಕೈಗೆ ಗುರುತು ಹೇಳುತ್ತವೆ: ಬಳಪದ ಕಲ್ಲು ಸೋಪಿನಂತೆ ಜಾರುತ್ತದೆ, ಅಭ್ರಕ ಪದರಪದರವಾಗಿ ಸುಲಿಯುತ್ತದೆ. ಸುಣ್ಣಕಲ್ಲಿಗೆ ಆಮ್ಲದ ಹನಿ ಬಿದ್ದರೆ ಬುಸುಗುಟ್ಟುವುದು ಕಿವಿಗೇ ಕೇಳುತ್ತದೆ.

ನಿಜವಾದ ತೊಡಕು ನಕ್ಷೆಗಳದು. ರಟ್ಟನ್ನು ನಕ್ಷೆಯ ಸಮೋನ್ನತಿ ರೇಖೆಗಳಂತೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಂತೆ, ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಬೆಟ್ಟ ಕೈಗೆಟುಕುತ್ತದೆ. (ಕಣ್ಣಿರುವ ಎಷ್ಟೋ ಮಕ್ಕಳಿಗೂ ಆ ರೇಖೆಗಳು ಅರ್ಥವಾಗುವುದು ಆಗಲೇ!)