ಲಿನಕ್ಸ್ ಮಾಯವಾದಾಗ

ಗಣಕಯಂತ್ರದ ಡಿಸ್ಕು ಒಂದೇ ಆದರೂ, ಲಾಡ್ಜಿನ ಕೋಣೆಗಳಂತೆ ಅದನ್ನು ಭಾಗಮಾಡಿ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇರಿಸುವುದುಂಟು. ಯಂತ್ರವನ್ನು ಚಾಲೂ ಮಾಡಿದೊಡನೆ ಯಾವ ಕೋಣೆಯ ಬಾಗಿಲು ತೆರೆಯಲೆಂದು ಕೇಳುವವನೇ ಬೂಟ್ ಮ್ಯಾನೇಜರ್. ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಇವನ ಗಲ್ಲಾ ಬಲು ಕಿರಿದು: ಮೊದಲ 512 ಬೈಟುಗಳಲ್ಲಿ 446 ಮಾತ್ರ ಇವನವು; 64 ಬೈಟುಗಳು ಕೋಣೆಗಳ ಪಟ್ಟಿಗೆ, ಅದರಲ್ಲಿಯೂ ನಾಲ್ಕೇ ಸಾಲು!

ಲಿನಕ್ಸ್ ಇರುವ ಇಂತಹ ಡಿಸ್ಕಿನ ಬೇರೊಂದು ಭಾಗದಲ್ಲಿ ತರುವಾಯ ವಿಂಡೋಸ್ ಹೂಡಿದರೆ, ಅದು ಗ್ರಬ್ ಎಂಬ ಹಳೆಯ ಮ್ಯಾನೇಜರನನ್ನು ಗಲ್ಲಾದಿಂದ ಎಬ್ಬಿಸಿ ತನ್ನವನನ್ನು ಕೂರಿಸುತ್ತದೆ. ಅವನು ಲಿನಕ್ಸಿನ ಹೆಸರನ್ನೇ ಎತ್ತನು. ಲೆಕ್ಕಪತ್ರವೆಲ್ಲ ಹೋಯಿತೆಂದು ಗುಮಾಸ್ತ ಬಂಧುಗಳು ಎದೆಗುಂದಿ, ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಲು ಒಪ್ಪಕೂಡದು. ಆ ಕೋಣೆ ಅಳಿದಿಲ್ಲ. ಪೆನ್‌ಡ್ರೈವಿನ ಲಿನಕ್ಸಿನಿಂದ ಯಂತ್ರವನ್ನು ನಡೆಸಿ ಗ್ರಬ್ಬನ್ನು ಮರಳಿ ಕೂರಿಸಿದರೆ ಕಡತಗಳು ಇದ್ದಲ್ಲಿಯೇ ದೊರೆಯುವುವು.