ಏಳು ಕೋಣೆಗಳ ಕಡಲಕೋಟೆ

ಚಿಕ್ಕೋಡಿ ಸೀಮೆಯ ಮಕ್ಕಳಿಗೆ ನದಿ ಹೊಸದಲ್ಲ. ನಿಪ್ಪಾಣಿಯ ಬಳಿ ವೇದಗಂಗಾ, ಅಲ್ಲಿಂದ ಮುಂದೆ ದೂಧಗಂಗಾ, ಯಡೂರು, ಕುಡಚಿ, ಉಗಾರಗಳ ಬಳಿ ಮೈದುಂಬಿ ಹರಿಯುವ ಕೃಷ್ಣೆ. ಈ ನೀರೆಲ್ಲ ಬರುವುದು ಪಶ್ಚಿಮದ ಸಹ್ಯಾದ್ರಿಯಿಂದ. ಮಹಾಬಳೇಶ್ವರದಲ್ಲಿ ಕೃಷ್ಣೆ ಹುಟ್ಟುವ ಜಾಗಕ್ಕೂ ಅರಬ್ಬೀ ಸಮುದ್ರಕ್ಕೂ ಇರುವ ಅಂತರ ಸುಮಾರು 64 ಕಿ.ಮೀ. ಮಾತ್ರ. ಆದರೂ ಆಕೆ ಆ ಕಡಲಿಗೆ ಬೆನ್ನು ತಿರುಗಿಸಿ, ಸುಮಾರು 1,400 ಕಿ.ಮೀ. ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ.

ಈ ಭಾಗದ ಜನರದ್ದೂ ಹೆಚ್ಚು ಕಡಿಮೆ ಅದೇ ರೀತಿ. ಕಬ್ಬು, ತಂಬಾಕು, ದ್ರಾಕ್ಷಿಯ ಕೆಲಸದ ನಡುವೆ ಕಡಲು ನೆನಪಿಗೆ ಬರುವುದು ಮಕ್ಕಳ ಶಾಲಾ ಪ್ರವಾಸದ ಹೊತ್ತಿಗೆ. ಆದರೆ ನಿಪ್ಪಾಣಿಯಿಂದ ಸುಮಾರು 150 ಕಿ.ಮೀ. ದೂರದಲ್ಲಿ, ಬಂಡೆಗಳ ಮೇಲೆ ಒಂಟಿಯಾಗಿ ನಿಂತ ಒಂದು ಪುಟ್ಟ ಕೋಟೆ ಇದೆ. ಒಂದು ಕಾಲದಲ್ಲಿ ತೋಪುಗಳನ್ನು ಕಾಯ್ದಿರಿಸಿಕೊಂಡಿದ್ದ ಈ ಕೋಟೆ ಮುಂದೆ ಐಷಾರಾಮಿ ವಸತಿಗೃಹವಾಯಿತು. ಇದರ ಹೆಸರು ತೇರೆಖೋಲ್. ಇಂಗ್ಲಿಷ್ ಬರಹದಲ್ಲಿ ತಿರಾಕೋಲ್ ಎಂದೂ ಕರೆಯುತ್ತಾರೆ.

ಗೋವಾದ ತುತ್ತತುದಿ

ನಕಾಶೆಯಲ್ಲಿ ನೋಡಿದರೆ ತೇರೆಖೋಲ್ ಒಂದು ಸೋಜಿಗ. ಗೋವಾದ ಉತ್ತರ ತುದಿಯಲ್ಲಿ, ಪೆಡಣೆ ತಾಲ್ಲೂಕಿನಲ್ಲಿ ಇದೇ ಹೆಸರಿನ ನದಿ ಸಮುದ್ರವನ್ನು ಸೇರುತ್ತದೆ. ಗೋವಾ ಇರುವುದು ನದಿಯ ದಕ್ಷಿಣಕ್ಕೆ. ಈ ಒಂದು ಹಳ್ಳಿ ಮತ್ತು ಅದರ ಕೋಟೆ ಮಾತ್ರ ಉತ್ತರದ ದಂಡೆಯಲ್ಲಿವೆ. ಭೂಮಾರ್ಗವಾಗಿ ಬರಬೇಕಾದರೆ ಮಹಾರಾಷ್ಟ್ರದ ರೇಡಿ ಗ್ರಾಮವನ್ನು ದಾಟಿಯೇ ಬರಬೇಕು. ಗೋವಾದ ಕಡೆಯಿಂದ ಬರುವವರು ಕೇರಿ ಎಂಬಲ್ಲಿ ಫೆರಿ ಹತ್ತಿ ನದಿ ದಾಟುತ್ತಾರೆ. ಗೋವಾದ ಫೆರಿಗಳಲ್ಲಿ ನಡೆದು ಬಂದವರಿಗೆ ಟಿಕೆಟ್ ಇಲ್ಲ. ಇಳಿತದ ವೇಳೆ ನೀರು ತೀರಾ ತಗ್ಗಿದರೆ ಫೆರಿ ನಿಲ್ಲುವುದೂ ಉಂಟು. ಆಗ ಕಾರಿನವರೂ ಕಾಲ್ನಡಿಗೆಯವರೂ ಒಂದೇ ದಂಡೆಯಲ್ಲಿ ಸಮುದ್ರದ ಮರ್ಜಿಗಾಗಿ ಕಾಯಬೇಕು.

ಕೋಟೆಯನ್ನು ಕಟ್ಟಿದವರು ಹದಿನೇಳನೆಯ ಶತಮಾನದಲ್ಲಿ ಸಾವಂತವಾಡಿಯನ್ನು ಆಳುತ್ತಿದ್ದ ಖೇಮ ಸಾವಂತ ಭೋಸಲೆ. ನದಿಯ ಬಾಯಿಯಲ್ಲಿ ಕುಳಿತವನಿಗೆ ಒಳಗೆ ಬರುವ ಹಡಗೂ ಹೊರಗೆ ಹೋಗುವ ಹಡಗೂ ಕಾಣುತ್ತವೆ. ಅದೇ ಕಾರಣಕ್ಕೆ ಪೋರ್ಚುಗೀಸರ ಕಣ್ಣು ಇದರ ಮೇಲೆ ಬಿತ್ತು. 1746ರಲ್ಲಿ ಅವರು ಇದನ್ನು ವಶಪಡಿಸಿಕೊಂಡರು. ಒಳಗಿನ ಅಂಗಳದಲ್ಲಿ ಇಗರ್ಜಿ ಎದ್ದಿತು. ಸಂತ ಅಂತೋನಿಯ ಹೆಸರಿನ ಆ ಇಗರ್ಜಿ ಇಂದಿಗೂ ಅಲ್ಲಿದೆ.

1835ರಲ್ಲಿ ಈ ಗೋಡೆಗಳ ನಡುವೆ ರಕ್ತ ಹರಿಯಿತು. ಗೋವಾದಲ್ಲೇ ಹುಟ್ಟಿದ ಬೆರ್ನಾರ್ದೊ ಪೆರೆಸ್ ದ ಸಿಲ್ವಾ ಆ ವರ್ಷ ಆಡಳಿತದ ಮುಖ್ಯಸ್ಥರಾದರು. ಗೋವಾದವನೊಬ್ಬ ತಮ್ಮ ಮೇಲೆ ಅಧಿಕಾರ ನಡೆಸುವುದನ್ನು ಸಹಿಸದವರು ಕೆಲವೇ ದಿನಗಳಲ್ಲಿ ಅವರನ್ನು ಕೆಳಗಿಳಿಸಿದರು. ಅವರ ಪರವಾಗಿ ನಿಂತ ತೇರೆಖೋಲದ ಪಡೆ ಹತ್ಯೆಗೀಡಾಯಿತು.

ತೋಪಿನ ಜಾಗದಲ್ಲಿ ತಲೆದಿಂಬು

ಗೋವಾ ಭಾರತವನ್ನು ಸೇರಿ ದಶಕಗಳು ಕಳೆದ ಮೇಲೆ ಈ ಕೋಟೆ ಪಾರಂಪರಿಕ ಹೋಟೆಲಾಯಿತು. ಇದ್ದುದು ಏಳೇ ಕೋಣೆಗಳು. ವಾರದ ಏಳು ದಿನಗಳ ಹೆಸರನ್ನೇ ಅವಕ್ಕೆ ಇಟ್ಟಿದ್ದರು. ಒಬ್ಬರು ಸೋಮವಾರದಲ್ಲಿ ಮಲಗಿದರೆ ಪಕ್ಕದವರು ಮಂಗಳವಾರದಲ್ಲಿ! ಕಿಟಕಿ ತೆರೆದರೆ ಕೆಳಗೆ ಬಂಡೆಗೆ ಬಡಿಯುವ ಅಲೆ, ಎದುರಿಗೆ ನದಿಯ ಅಗಲವಾದ ಬಾಯಿ, ಅದರಾಚೆ ಕೇರಿಯ ಮರಳುದಂಡೆ. ದೊಡ್ಡ ಪೇಟೆ, ಸಿನಿಮಾ ಮಂದಿರ ಹತ್ತಿರದಲ್ಲಿಲ್ಲ. ರಾತ್ರಿ ಕೇಳುವುದು ಸಮುದ್ರದ ಸದ್ದು ಮಾತ್ರ. ಈ ಏಕಾಂತಕ್ಕಾಗಿಯೇ ದೂರದೂರದ ಪ್ರವಾಸಿಗರು ದೊಡ್ಡ ಬಾಡಿಗೆ ತೆತ್ತು ಇಲ್ಲಿ ತಂಗುತ್ತಿದ್ದರು.

ಇಂಥ ಕಡೆ ಬಾಡಿಗೆ ಏಕೆ ಹೆಚ್ಚು ಎಂಬ ಪ್ರಶ್ನೆ ಪಾಲಕರಿಗೆ ಸಹಜ. ನೂರು ಕೋಣೆಯ ಹೋಟೆಲಿನಲ್ಲಿ ಅಡುಗೆಯವರು, ಕಾವಲುಗಾರರು, ಜನರೇಟರ್, ನೀರಿನ ಪಂಪು ಇವುಗಳ ಖರ್ಚು ನೂರು ಪಾಲಾಗುತ್ತದೆ. ಏಳು ಕೋಣೆಯಲ್ಲಿ ಏಳೇ ಪಾಲು. ತರಕಾರಿಯಿಂದ ಹಿಡಿದು ಹಾಸಿಗೆಯ ಬಟ್ಟೆಯವರೆಗೆ ಎಲ್ಲವನ್ನೂ ಹೊರಗಿನಿಂದಲೇ ತರಬೇಕು. ಕಡಲ ಗಾಳಿಯ ಉಪ್ಪು ಕಿಟಕಿಯ ಸರಳು, ಬಾಗಿಲ ಕೀಲು, ವಿದ್ಯುತ್ ಉಪಕರಣ ಯಾವುದನ್ನೂ ಬಿಡದೆ ತಿನ್ನುತ್ತದೆ. ಇನ್ನು ಕಲ್ಲಿನ ಮಾತು. ಚಿಕ್ಕೋಡಿ, ಅಥಣಿಗಳ ಕರಿಕಲ್ಲು ಗಟ್ಟಿ. ಕೊಂಕಣದ ಕೆಂಪು ಜಂಬಿಟ್ಟಿಗೆಯ ಮೈತುಂಬ ಸಣ್ಣ ಸಣ್ಣ ರಂಧ್ರಗಳು. ಅದು ಮಳೆಗಾಲದಲ್ಲಿ ನೀರು ಹೀರುತ್ತದೆ. ಗಿಲಾಯಿ ಉದುರಿದಂತೆಲ್ಲ ಮತ್ತೆ ಮಾಡಿಸುತ್ತಲೇ ಇರಬೇಕು.

ಆದರೆ ಆ ಕೋಟೆಯ ನೋಟಕ್ಕೆ ಕೋಣೆಯ ಬಾಡಿಗೆ ಅನಿವಾರ್ಯವಲ್ಲ. ಅದೇ ಅಲೆ, ಅದೇ ಬಂಡೆ, ಅದೇ ಸೂರ್ಯಾಸ್ತ ಎದುರು ದಂಡೆಯ ಕೇರಿಯಲ್ಲಿ ಬುತ್ತಿ ಬಿಚ್ಚಿ ಕುಳಿತವರಿಗೂ ಸಿಗುತ್ತದೆ. ಭರತದ ನೀರು ಮುಟ್ಟುವ ಗೆರೆಯಿಂದ ಒಳಕ್ಕೆ ಏನು ಕಟ್ಟಬಹುದು, ಎಷ್ಟು ದೂರದಲ್ಲಿ ಕಟ್ಟಬಹುದು ಎಂಬುದಕ್ಕೆ ಭಾರತ ಸರ್ಕಾರ 1991ರಲ್ಲೇ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. 2011ರಲ್ಲಿ ಮತ್ತು 2019ರಲ್ಲಿ ಅದು ಹೊಸ ರೂಪ ಪಡೆಯಿತು. ಕಡಲ ದಂಡೆ ಕೆಲವರ ಕಾಂಪೌಂಡಿನೊಳಗೆ ಸೇರಿಹೋದರೆ ಮೀನುಗಾರ ದೋಣಿ ಎಳೆಯುವುದೆಲ್ಲಿ, ಶಾಲಾ ಮಕ್ಕಳು ಕಡಲು ನೋಡುವುದೆಲ್ಲಿ ಎಂಬ ಪ್ರಶ್ನೆ ಈ ನಿಯಮಗಳ ಹಿಂದೆ ಇದೆ.

ಧ್ವಜ ಹಾರಿದ ದಿನ

ತೇರೆಖೋಲಿಗೆ ಹೋಗುವ ವಿದ್ಯಾರ್ಥಿ ತಿಳಿದಿರಲೇಬೇಕಾದ ದಿನ 1954ರ ಆಗಸ್ಟ್ 15. ದೇಶಕ್ಕೆ ಸ್ವಾತಂತ್ರ್ಯ ಬಂದು ಏಳು ವರ್ಷವಾಗಿತ್ತು. ಗೋವಾದಲ್ಲಿ ಇನ್ನೂ ಪೋರ್ಚುಗೀಸರ ಬಾವುಟವೇ ಇತ್ತು. ಅಂದು ಆಲ್ಫ್ರೆಡ್ ಅಫೊನ್ಸೊ ನೇತೃತ್ವದ ಸತ್ಯಾಗ್ರಹಿಗಳ ಸಣ್ಣ ತಂಡವೊಂದು ಆಯುಧವಿಲ್ಲದೆ ಈ ಕೋಟೆಯನ್ನು ಹೊಕ್ಕು ತ್ರಿವರ್ಣ ಧ್ವಜ ಹಾರಿಸಿತು. ಬಳಿಕ ಅವರು ಬಂಧನಕ್ಕೊಳಗಾದರು. ಮರುವರ್ಷ ಅದೇ ದಿನ ಭಾರತದ ನಾನಾ ಭಾಗಗಳಿಂದ ಬಂದ ಸತ್ಯಾಗ್ರಹಿಗಳು ಗಡಿ ದಾಟಿದಾಗ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು.

ಬೆಳಗಾವಿ ಜಿಲ್ಲೆಯವರು ತೇರೆಖೋಲಿಗೆ ಹೋಗುವಾಗ ಹಾದುಹೋಗುವ ಅಂಬೋಲಿ ಘಟ್ಟಕ್ಕೂ ಈ ಹೋರಾಟದ ನಂಟಿದೆ. 1955ರ ನವೆಂಬರ್ 25ರಂದು ವಾಮನ ಸರದೇಸಾಯಿ, ಲಿಬಿಯಾ ಲೋಬೊ ಮತ್ತು ಸಂಗಡಿಗರು ಅಂಬೋಲಿಯ ಕಾಡಿನಿಂದ ಗುಪ್ತ ಬಾನುಲಿಯೊಂದನ್ನು ಶುರುಮಾಡಿದರು. ಮುಂದೆ ಅದು ಕರ್ನಾಟಕದ ಕ್ಯಾಸಲ್‌ರಾಕ್ ಕಾಡಿಗೆ ಬಂತು. ಪೋರ್ಚುಗೀಸ್ ಮತ್ತು ಕೊಂಕಣಿ ಭಾಷೆಗಳಲ್ಲಿ ಸುದ್ದಿ ಬಿತ್ತರಿಸುತ್ತ, 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಗುವವರೆಗೆ ಅವರು ಕಾಡಿನಲ್ಲೇ ಕಳೆದರು. ಹೋರಾಟ ಮುಗಿದ ಮೇಲೆ ಇಬ್ಬರೂ ಮದುವೆಯಾದರು. ಶತಾಯುಷಿ ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಹಿತವಾದ ಹಾಸಿಗೆಯಲ್ಲಿ ಮಲಗಿ ಸಮುದ್ರದ ಸದ್ದು ಕೇಳುವ ಭಾಗ್ಯದ ಹಿಂದೆ, ಆರು ವರ್ಷ ಜಿಗಣೆ, ಹಾವು, ಮಳೆಯ ನಡುವೆ ಟ್ರಾನ್ಸ್‌ಮಿಟರ್ ಕಾದವರ ಕಥೆಯಿದೆ.

ಅಂಬೋಲಿಯಲ್ಲಿ ಇನ್ನೊಂದು ಪಾಠವೂ ಇದೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಊರದು. ಘಟ್ಟದ ಪಶ್ಚಿಮಕ್ಕೆ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೆ ಇಳಿದುಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹಿರಣ್ಯಕೇಶಿಯಾಗಿ ಆಜರಾ, ಗಡಹಿಂಗ್ಲಜ್, ಸಂಕೇಶ್ವರಗಳನ್ನು ಹಾದು ಘಟಪ್ರಭೆಗೆ ಸೇರಿ, ಅಲ್ಲಿಂದ ಕೃಷ್ಣೆಯ ಪಾಲಾಗುತ್ತದೆ. ಬರಕ್ಕೆ ಹೆದರುವ ಅಥಣಿಯ ಪೂರ್ವಭಾಗದ ಮಕ್ಕಳು ಒಮ್ಮೆ ಈ ಜಾಗದಲ್ಲಿ ನಿಂತು ನೋಡಬೇಕು. ಭೂಗೋಳದ ಪುಸ್ತಕದ 'ಮಳೆಯ ನೆರಳಿನ ಪ್ರದೇಶ' ಎಂಬ ಮಾತು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಹೊಳೆಯಲ್ಲ, ಕಡಲು

ಕೃಷ್ಣೆಯಲ್ಲಿ ಈಜು ಕಲಿತ ಹುಡುಗರಿಗೆ ನೀರಿನ ಭಯ ಕಡಿಮೆ. ಅಪಾಯ ಇರುವುದು ಅಲ್ಲೇ. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ವೇಳೆಯೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ನೀರಿನಲ್ಲಿ ಮುಳುಗಿರಬಹುದು. ನದಿಯ ಬಾಯಿಯಲ್ಲಂತೂ ಇಳಿತದ ಸೆಳೆತ ಬಲು ಜೋರು.

2017ರ ಏಪ್ರಿಲ್‌ನಲ್ಲಿ ಬೆಳಗಾವಿಯಿಂದ ಪ್ರವಾಸ ಹೋದ ಕಾಲೇಜು ತಂಡದ ಎಂಟು ಮಂದಿ ಮಾಲವಣದ ಬಳಿ ಸಮುದ್ರಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಮರಳಿ ಮನೆ ಸೇರಲಿಲ್ಲ. ಪ್ರವಾಸಕ್ಕೆ ಹಣ ಕೊಡುವಾಗ ಪಾಲಕರು ಹೋಟೆಲಿನ ಊಟ, ಹಾಸಿಗೆಗಳ ಬಗ್ಗೆ ಕೇಳುವಷ್ಟೇ ಕಾಳಜಿಯಿಂದ ಈ ವಿಷಯಗಳನ್ನೂ ಕೇಳಬೇಕು: ನೀರಿಗಿಳಿಯುವ ಜಾಗದಲ್ಲಿ ಜೀವರಕ್ಷಕರಿದ್ದಾರೆಯೇ? ಮಕ್ಕಳ ಎಣಿಕೆ ಮಾಡುವವರು ಯಾರು? ಭರತ-ಇಳಿತದ ವೇಳೆ ಗೊತ್ತಿದೆಯೇ?

ಕೆಂಪು ಬಾವುಟ ಕಂಡರೆ ನೀರಿಗಿಳಿಯಬಾರದು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಾವಲಿನಲ್ಲಿರುತ್ತದೆ. ಅಲೆಯ ಸೆಳೆತ ಒಳಕ್ಕೆ ಎಳೆದರೆ ಅದರ ವಿರುದ್ಧ ಈಜಿ ದಣಿಯಬಾರದು. ದಂಡೆಗೆ ಸಮಾನಾಂತರವಾಗಿ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಪಾಚಿ ಹಿಡಿದ ಬಂಡೆಯ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಚಪಲ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರಚಾಲಿತ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಮೀನಿನ ಸಂತಾನ ಉಳಿಯಲೆಂಬುದು ಅದರ ಉದ್ದೇಶ. ಕಡಲು ಅತಿ ಒರಟಾಗಿರುವ ಕಾಲವೂ ಅದೇ. ಕಡಲಿನಲ್ಲೇ ಹುಟ್ಟಿ ಬೆಳೆದವರು ದೋಣಿ ದಡಕ್ಕೆಳೆದು ಕೂತಿರುವಾಗ ಬಯಲುಸೀಮೆಯವರಿಗೆ ಅವಸರವೇಕೆ?

ಹೋಗುವುದು ಹೇಗೆ?

ನಿಪ್ಪಾಣಿಯಿಂದ ಸಂಕೇಶ್ವರ, ಗಡಹಿಂಗ್ಲಜ್, ಆಜರಾ, ಅಂಬೋಲಿ, ಸಾವಂತವಾಡಿ, ರೇಡಿ ಮಾರ್ಗವಾಗಿ ಕೋಟೆಯವರೆಗೆ ರಸ್ತೆ ಇದೆ. ಚಿಕ್ಕೋಡಿಯವರು ನೇರವಾಗಿ ಸಂಕೇಶ್ವರಕ್ಕೆ ಬಂದು ಈ ಮಾರ್ಗ ಹಿಡಿಯಬಹುದು. ಅಥಣಿ, ಕಾಗವಾಡದವರು ಬೆಳಗಿನ ಜಾವ ಹೊರಡುವುದು ಒಳ್ಳೆಯದು. ರಾಯಬಾಗ, ಕುಡಚಿ ಕಡೆಯವರಿಗೆ ಮೀರಜ್-ಲೋಂಡಾ ರೈಲು ಮಾರ್ಗವಿದ್ದು, ಲೋಂಡಾದಿಂದ ಕ್ಯಾಸಲ್‌ರಾಕ್, ದೂಧಸಾಗರ ಮೂಲಕ ಗೋವಾಕ್ಕೆ ಇಳಿಯಬಹುದು. ಗಡಿಭಾಗದವರಿಗೆ ಮರಾಠಿ ಬರುವುದರಿಂದ ದಾರಿಯಲ್ಲಿ ಭಾಷೆಯ ತೊಡಕಿಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಹಿತಕರ. ಕೋಟೆಯಲ್ಲಿ ತಂಗಬಯಸುವವರು ವಸತಿ ವ್ಯವಸ್ಥೆ ನಡೆಯುತ್ತಿದೆಯೇ, ಒಳಗೆ ಹೋಗಲು ಅನುಮತಿ ಇದೆಯೇ ಎಂಬುದನ್ನು ಗೋವಾ ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಬೇಕು. ಮಿತವಾದ ಖರ್ಚಿನಲ್ಲಿ ಉಳಿಯಲು ಸಾವಂತವಾಡಿಯಲ್ಲೂ ಶಿರೋಡಾದಲ್ಲೂ ಸಾಧಾರಣ ವಸತಿಗೃಹಗಳಿವೆ.